ನಾವು ದವಾಖಾನೆ ನೋಡಲು ಹೋದದ್ದು

ನಮ್ಮ ಕಡೆ ಯಾವುದನ್ನೂ ಒಬ್ಬರೇ ಹೋಗಿ ಆರಿಸಿಕೊಂಡು ಬರುವ ಪದ್ಧತಿ ಇಲ್ಲ. ಇಳಕಲ್ಲಿನಲ್ಲೇ ಹುಟ್ಟಿ ಬೆಳೆದ ನನ್ನ ಗೆಳತಿಯರು ಕೂಡ ಒಂದು ಸೀರೆ ತರಬೇಕಾದರೆ ಜೊತೆಗೆ ಇಬ್ಬರನ್ನು ಕರೆದುಕೊಂಡು ಹೋಗುತ್ತಾರೆ. ಒಬ್ಬಳು ಸೆರಗು ನೋಡುವುದಕ್ಕೆ, ಇನ್ನೊಬ್ಬಳು ಅಂಗಡಿಯವನ ಮುಖ ನೋಡುವುದಕ್ಕೆ. ಹೊಲ, ಮನೆ, ಎಮ್ಮೆ, ಅಳಿಯ ಇಂಥವಕ್ಕಂತೂ ಒಂದು ಗಾಡಿ ತುಂಬ ಜನ ಬೇಕು. ಹೋದವರಲ್ಲಿ ಮಾತಾಡುವವರು ಒಬ್ಬರು, ಮಾತಾಡದೆ ಕೂತು ನೋಡುವವರು ಒಬ್ಬರು, ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಅಡಿಗೆಮನೆ ಹೇಗಿದೆ ಎಂದು ಇಣುಕಿ ಬರುವವರು ಒಬ್ಬರು. ಇಷ್ಟೆಲ್ಲ ಗೊತ್ತಿದ್ದೂ ನಾನು ಕಣ್ಣಿಗೆ ಲೇಸರ್ ಮಾಡಿಸಿಕೊಳ್ಳುವ ದವಾಖಾನೆಯನ್ನು ಒಬ್ಬಳೇ ಆರಿಸಿಕೊಳ್ಳುತ್ತೇನೆ ಅಂದುಕೊಂಡೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು!

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಸುಧಾ, ಇರುವುದು ಇಳಕಲ್ಲಿನಲ್ಲಿ, ನೌಕರಿ ಹುನಗುಂದದ ಒಂದು ಹೈಸ್ಕೂಲಿನಲ್ಲಿ. ಕಲಿಸುವುದು ವಿಜ್ಞಾನ. ಪ್ರತಿ ವರ್ಷ ಹತ್ತನೆಯ ತರಗತಿಗೆ ಕಣ್ಣಿನ ಪಾಠ ಬಂದಾಗ ಹಲಗೆಯ ತುಂಬ ದೊಡ್ಡದೊಂದು ಕಣ್ಣು ಬರೆದು, ಸಮೀಪದೃಷ್ಟಿಯೆಂದರೆ ಏನು ಎಂದು ವಿವರಿಸಿ, ಉದಾಹರಣೆಗೆ ನನ್ನ ಕನ್ನಡಕವನ್ನೇ ತೆಗೆದು ಮಕ್ಕಳಿಗೆ ತೋರಿಸುತ್ತೇನೆ. ತೆಗೆದ ಮೇಲೆ ಮಕ್ಕಳು ಏನು ಮಾಡುತ್ತಾರೆಂಬುದು ನನಗೆ ಕಾಣುವುದಿಲ್ಲ. ಆ ಎರಡು ನಿಮಿಷಕ್ಕಾಗಿ ಅವರು ವರ್ಷವಿಡೀ ಕಾಯುತ್ತಾರೆ ಎಂದು ಮಾತ್ರ ಗೊತ್ತು. ನನ್ನದು ಎರಡೂ ಕಣ್ಣು ಮೈನಸ್ ಆರೂವರೆ. ನಾಲ್ಕನೆಯ ತರಗತಿಯಿಂದ ಮೂಗಿನ ಮೇಲೆ ಕೂತದ್ದು ಇನ್ನೂ ಇಳಿದಿಲ್ಲ. ಒಮ್ಮೆ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಚೀಲ ತಾಗಿ ಕನ್ನಡಕ ಬಿದ್ದು ಒಡೆಯಿತು. ಬಸ್ಸಿನ ಬೋರ್ಡು ಓದಲು ಬಾರದೆ, ಯಾರನ್ನಾದರೂ ಕೇಳಿದರೆ ಮೇಡಮ್ಮಿಗೆ ಅಕ್ಷರ ಬರುವುದಿಲ್ಲ ಅಂದುಕೊಂಡಾರೆಂದು ನಾಚಿಕೆಯಾಗಿ, ಅಂದಾಜಿನ ಮೇಲೆ ಹತ್ತಿ ಕೂತೆ. ನಮ್ಮೂರು ದಾಟಿ ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಕುಷ್ಟಗಿಯಲ್ಲಿ ಕಂಡಕ್ಟರ್ ಬಂದು, "ಅಕ್ಕಾರ, ಇದs ಕಡೀ ಸ್ಟಾಪ್ ಐತಿ, ಇಳೀರಿ" ಎಂದು ಎಬ್ಬಿಸಿದ.

ಇದೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ನನ್ನ ಮದುವೆಯ ಕತೆ. ಹನ್ನೆರಡು ವರ್ಷದ ಹಿಂದಿನದು. ನಮ್ಮಲ್ಲಿ ಮುಹೂರ್ತದ ಹೊತ್ತಿಗೆ ವಧೂವರರ ನಡುವೆ ಒಂದು ಬಟ್ಟೆ ಹಿಡಿಯುತ್ತಾರಲ್ಲ, ಅಂತರಪಟ, ಅದನ್ನು ಹಿಡಿದು ಮಂಗಲಾಷ್ಟಕ ಸುರುಮಾಡುವ ಮೊದಲು ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಬಂದು, "ಫೋಟೋದಾಗ ಚಾಳೀಸು ಛಂದ ಕಾಣಂಗಿಲ್ಲ ತಂಗಿ" ಎಂದು ನನ್ನ ಕನ್ನಡಕ ಕಿತ್ತುಕೊಂಡು ಹೋದಳು. ಮಂಗಲಾಷ್ಟಕ ಮುಗಿಯಿತು, ಬಟ್ಟೆ ಸರಿಯಿತು, ವಾಜಂತ್ರಿ ಮೊಳಗಿತು, "ಹಾಕವಾ, ಹಾರ ಹಾಕು" ಎಂದು ಎಲ್ಲರೂ ಕೂಗಿದರು. ನನ್ನ ಮುಂದೆ ಹಳದಿ, ಬಿಳಿ, ಜರಿ ಎಲ್ಲ ಕಲಸಿದಂತೆ ಒಂದು ಮಂಜು. ಆ ಮಂಜಿನಲ್ಲಿ ತಲೆ ಎಂಬಂತೆ ಕಂಡ ಜಾಗಕ್ಕೆ ಭಕ್ತಿಯಿಂದ ಹಾರ ಹಾಕಿದೆ. ವಾಜಂತ್ರಿ ನಿಂತಿತು. ಅದು ವರನ ತಲೆಯಾಗಿರಲಿಲ್ಲ. ಅಂತರಪಟದ ಒಂದು ತುದಿ ಹಿಡಿದಿದ್ದ ವರನ ಸೋದರಮಾವ ಬಟ್ಟೆ ಮಡಚಲೆಂದು ನನ್ನ ಮುಂದೆ ಬಾಗಿದ್ದರು; ಹಾರ ಅವರ ಜರಿ ರುಮಾಲಿನ ಮೇಲಿಂದ ಇಳಿದು ಕೊರಳಲ್ಲಿ ನಿಂತಿತ್ತು. ಆ ಸೋದರಮಾವನೇ ಗುಂಡೂ ಮಾಮಾ, ಅಂದರೆ ನನ್ನ ಅತ್ತೆಯ ಅಣ್ಣ. ಇಂದಿಗೂ ಮನೆತನದ ಯಾವ ಮದುವೆಗೆ ಹೋಗಲಿ, ಊಟದ ಪಂಕ್ತಿಯಲ್ಲಿ ಒಬ್ಬರಲ್ಲ ಒಬ್ಬರು ಈ ಕತೆ ತೆಗೆಯುತ್ತಾರೆ. ನಾನೂ ನಗುತ್ತೇನೆ. ಒಳಗೆ ಮಾತ್ರ, ಸುಳ್ಳು ಯಾಕೆ ಹೇಳಲಿ, ಪ್ರತಿ ಸಲವೂ ಚುರುಕ್ ಎನ್ನುತ್ತದೆ.

ಹೀಗಿರುವಾಗ ನನ್ನ ಮೈದುನ ವಿನಾಯಕನ ಮದುವೆ ಗೊತ್ತಾಯಿತು. ಹುಡುಗಿ ಪಲ್ಲವಿ, ಕುಳಗೇರಿ ಕ್ರಾಸಿನ ಮಾಸ್ತರರೊಬ್ಬರ ಮಗಳು. ಮದುವೆ ಬದಾಮಿಯ ಒಂದು ಮಂಗಲ ಕಾರ್ಯಾಲಯದಲ್ಲಿ, ಮೇ ತಿಂಗಳ ಕೊನೆಗೆ. ನಿಶ್ಚಯದ ದಿನ ನೋಡುತ್ತೇನೆ, ಆ ಹುಡುಗಿಗೂ ನನ್ನಂಥದೇ ದಪ್ಪ ಗಾಜು. ನನಗಾದ ಸಂತೋಷ ಹೇಳತೀರದು. ಬೇರೆ ಹೆಂಗಸರು ಬಳೆ, ಪಾಟಲಿ ಎಂದು ಮಾತಾಡುತ್ತಿದ್ದರೆ ನಾವಿಬ್ಬರು ಮೂಲೆಯಲ್ಲಿ ಕೂತು, "ನಿನ್ನದೆಷ್ಟು?" "ಆರು ರಿ ಅಕ್ಕಾರ, ನಿಮ್ಮದು?" "ಆರೂವರಿ" ಎಂದು ನಂಬರು ಹೇಳಿಕೊಂಡೆವು. ಅರ್ಧ ನಂಬರಿನಿಂದ ನಾನೇ ಹಿರಿಯಳಾದೆ. ಆ ದಿನವೇ ಮನಸ್ಸಿನಲ್ಲಿ ಗಟ್ಟಿ ಮಾಡಿದೆ. ಈ ಮದುವೆಯಲ್ಲಿ ಇಡೀ ಬಳಗ ಸೇರುತ್ತದೆ, ಹಾರದ ಕತೆ ಬರುತ್ತದೆ, ವಿಡಿಯೋದವನು ಬಂದು "ಚಾಳೀಸು ತಗೀರಿ, ಲೈಟ್ ಹೊಡೀತೈತಿ" ಅನ್ನುತ್ತಾನೆ. ಅನ್ನಲಿ. ಈ ಸಲ ನಾನು ಕನ್ನಡಕ ಇಲ್ಲದೆ, ಎರಡೂ ಕಣ್ಣು ತೆರೆದು, ಎಲ್ಲವನ್ನೂ ನಿಚ್ಚಳ ನೋಡುತ್ತ ಫೋಟೋದಲ್ಲಿ ನಿಲ್ಲಬೇಕು. ವಯಸ್ಸು ಮೂವತ್ತೆಂಟು, ನಲವತ್ತು ದಾಟಿದ ಮೇಲೆ ಇದನ್ನು ಮಾಡಿಸಿಕೊಂಡು ದೊಡ್ಡ ಲಾಭವಿಲ್ಲ ಎಂದು ಓದಿದ್ದೆ. ಬೇಸಿಗೆ ರಜೆ ಬಿಟ್ಟರೆ ನನಗೆ ಬೇರೆ ರಜೆಯೂ ಇಲ್ಲ. ಮಾಡಿಸಿದರೆ ಈಗ, ಇಲ್ಲದಿದ್ದರೆ ಇಲ್ಲವೇ ಇಲ್ಲ.

ನಮ್ಮನೆಯವರಿಗೆ ಹೇಳಿದೆ. ಅವರದು ಎಲ್ಲದಕ್ಕೂ ಒಂದೇ ಉತ್ತರ: "ಅವ್ವನ್ನ ಒಂದು ಮಾತು ಕೇಳಿಬಿಡು." ಕೇಳಿದೆ. ಅತ್ತೆ ಕೈಯಲ್ಲಿದ್ದ ರೊಟ್ಟಿ ಹಿಟ್ಟನ್ನು ಪರಾತದಲ್ಲಿ ಇಟ್ಟು, "ಅಯ್ಯ ನಮ್ಮವ್ವಾ, ಇದ್ದ ಕಣ್ಣಿಗೆ ಬೆಂಕಿ ಹಚ್ಚಿಸ್ಕೋತಿ ಏನ? ಗುಂಡಣ್ಣನ್ನ ಕೇಳದ ಒಂದು ಹೆಜ್ಜಿನೂ ಮುಂದಿಡಬ್ಯಾಡ" ಎಂದು ಫೋನ್ ಹಚ್ಚಿಯೇ ಬಿಟ್ಟರು. ಆ ಕಡೆಯಿಂದ ಮಾಮಾನ ಧ್ವನಿ ಸ್ಪೀಕರ್ ಇಲ್ಲದೆಯೂ ನನಗೆ ಕೇಳಿಸಿತು: "ನಾ ನೋಡಿ ಹೂಂ ಅನ್ನೋತನಕ ಯಾವ ಡಾಕ್ಟರನ ಮುಂದೂ ಕಣ್ಣು ತಗೀಬ್ಯಾಡಂತ ಹೇಳು ಸುಧಾಗ!"

ಗುಂಡೂ ಮಾಮಾನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಬಳಗದ ಎಲ್ಲ ಸೊಸೆಯರನ್ನೂ ಅಳಿಯಂದಿರನ್ನೂ ನೋಡಿ ಒಪ್ಪಿದವರು ಅವರೇ. ಒಪ್ಪದೆ ಬಿಟ್ಟವರ ಸಂಖ್ಯೆ ಇನ್ನೂ ದೊಡ್ಡದು. ಯಾರ ಮನೆಗೆ ಹೋದರೂ ಅವಲಕ್ಕಿ ತಿಂದು, ಚಹಾ ಕುಡಿದು, ಎದ್ದು ನಿಂತು ಅಂಗಿ ಕೊಡವಿಕೊಳ್ಳುತ್ತ, "ಮನಿಗೆ ಹೋಗಿ ವಿಚಾರ ಮಾಡಿ ತಿಳಸ್ತೇವ್ರಿ" ಅನ್ನುತ್ತಾರೆ. ಹಾಗೆ ಅಂದರೆಂದರೆ ಆ ಸಂಬಂಧ ಅಲ್ಲಿಗೆ ಮುಗಿದಂತೆ; ಒಪ್ಪಿಗೆಯಾದರೆ ಅವರು ಕೂತಲ್ಲಿಂದ ಏಳುವುದೇ ಇಲ್ಲ, ಅಲ್ಲೇ ಪಂಚಾಂಗ ಬಿಚ್ಚುತ್ತಾರೆ. ಅವರದು ಹಳೆಯ ಬಾಗಲಕೋಟೆ. ಅವರ ಓಣಿ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ, ಅವರು ನವನಗರಕ್ಕೆ ಬಂದು ಎಷ್ಟೋ ವರ್ಷವಾಯಿತು. ಆದರೆ ಸೆಕ್ಟರ್ ನಂಬರುಗಳು ಅವರ ತಲೆಗೆ ಇಂದಿಗೂ ಹತ್ತಿಲ್ಲ. ಆಟೋದವನಿಗೆ ಅವರು ವಿಳಾಸ ಹೇಳುವುದು ಹೀಗೆ: "ನಮ್ಮ ಓಣಿ ತುದಿಗೆ ಬೇವಿನ ಗಿಡ ಇತ್ತಲಾ, ಅದರ ಎದುರು ಮನಿಯವರು ಈಗ ಎಲ್ಲಿ ಅದಾರ, ಅಲ್ಲೆ ಬಿಡು." ಬೇವಿನ ಗಿಡ ನೀರಿನ ತಳದಲ್ಲಿದೆ. ಆಟೋದವನು ಅದು ಮುಳುಗಿದ ಮೇಲೆ ಹುಟ್ಟಿದವನು. ಆದರೂ ಮಾಮಾ ಹೇಗೋ ಮುಟ್ಟುತ್ತಾರೆ. ಮನುಷ್ಯರನ್ನು ಅಳೆಯುವುದಕ್ಕೂ ಅವರ ಹತ್ತಿರ ಇರುವುದು ಅದೇ ಒಂದು ಕೋಲು. "ಓಣಿ ಗೊತ್ತಾತಂದ್ರ ಮನಷ್ಯಾ ಗೊತ್ತಾದಂಗ" ಎನ್ನುತ್ತಾರೆ.

ಏಪ್ರಿಲ್ ತಿಂಗಳ ಒಂದು ಸೋಮವಾರ ಅತ್ತೆಯೂ ನಾನೂ ಇಳಕಲ್ಲಿನಿಂದ ಬಸ್ ಹತ್ತಿ ಬಾಗಲಕೋಟೆಯಲ್ಲಿ ಇಳಿದೆವು. ಮಾಮಾ ಬಿಳಿ ಧೋತರ, ಇಸ್ತ್ರಿ ಮಾಡಿದ ಕೋಟು, ಕರಿ ಟೊಪ್ಪಿಗೆ ಹಾಕಿಕೊಂಡು ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದರು. ಕನ್ಯೆ ನೋಡಲು ಹೋಗುವಾಗಿನ ಉಡುಪು ಅದು. ಮೂವರಾದೆವು. ಮೂರು ಮಂದಿ ಒಂದು ಕಾರ್ಯಕ್ಕೆ ಹೋಗಬಾರದೆಂದು ಅತ್ತೆ ಚೀಲದಿಂದ ಒಂದು ಗೋಟಡಿಕೆ ತೆಗೆದು ಕೈಯಲ್ಲಿ ಹಿಡಿದರು. ಅದು ನಾಲ್ಕನೆಯವರ ಲೆಕ್ಕ. ನಮ್ಮನೆಯವರು ಬರುತ್ತೇನೆಂದು ಹೇಳಿ ಕೊನೆಗೆ ಆಫೀಸಿನ ನೆಪ ಹೇಳಿದ್ದರು. ಅವರ ಜಾಗಕ್ಕೆ ಅಡಿಕೆ ಬಂದದ್ದು ಒಂದು ರೀತಿಯಲ್ಲಿ ಸರಿಯೇ ಆಯಿತು, ಏಕೆಂದರೆ ಇಂಥ ಸಂದರ್ಭದಲ್ಲಿ ಎರಡೂ ಸರಿಸುಮಾರು ಅಷ್ಟೇ ಮಾತಾಡುತ್ತವೆ.

ಮೊದಲನೆಯ ದವಾಖಾನೆ ಮಾಮಾ ಮೊದಲೇ ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದು. "ಲೇಸರ್ ಮಾಡೂದ್ರಾಗ ಎತ್ತಿದ ಕೈ ಅಂತ. ಅವರಜ್ಜ ನಮ್ಮ ಮನಿಯಿಂದ ಮೂರನೇ ಮನಿ. ಇನ್ನೇನು ಬೇಕು?" ಎಂದರು. ಕಟ್ಟಡದ ಮುಂದೆ ಯಾವುದೋ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿ ಬೋರ್ಡು ಪೂರ್ತಿ ಮುಚ್ಚಿಹೋಗಿತ್ತು. ಪುಢಾರಿಯ ಗಲ್ಲದ ಕೆಳಗೆ 'ಲೇಸರ್ ಚಿಕಿತ್ಸೆ' ಎಂಬುದಷ್ಟೇ ಕಾಣುತ್ತಿತ್ತು. ಮೆಟ್ಟಿಲು ಹತ್ತಿ ಒಳಗೆ ಹೋದರೆ ಹತ್ತು ಹನ್ನೆರಡು ಮಂದಿ ಪೇಶಂಟರು. ಖುರ್ಚಿಗಳೆಲ್ಲ ಖಾಲಿ, ಎಲ್ಲರೂ ಗೋಡೆಗೆ ಆತು ನಿಂತಿದ್ದರು. ಮಾಮಾನಿಗೆ ಕಣ್ಣು ತುಂಬಿ ಬಂತು. "ನೋಡ ಸುಧಾ, ಹಿರಿಯರು ಬಂದ್ರಂತ ಎದ್ದು ನಿಂತಾರ. ಎಂಥಾ ಸಂಸ್ಕಾರ!" ಎಂದು ಎಲ್ಲರಿಗೂ ಕೈಮುಗಿದು, "ಕೂಡ್ರಿ ಕೂಡ್ರಿ" ಎಂದು ಉಪಚಾರ ಮಾಡಿದರು. ಯಾರೂ ಕೂರಲಿಲ್ಲ. ಒಬ್ಬ ಮುದುಕ, "ನೀವು ಕುಂದರ್ರಿ, ನಮಗ ಆಗಂಗಿಲ್ಲ" ಎಂದ. ಅದನ್ನೂ ಮಾಮಾ ವಿನಯ ಎಂದೇ ತಿಳಿದರು.

ಒಳಗೆ ಡಾಕ್ಟರು ಎದ್ದು ಬಂದು ಮಾಮಾನ ಕಾಲಿಗೆ ನಮಸ್ಕಾರ ಮಾಡಿದರು. ಮುಂದಿನ ಕಾಲು ತಾಸು ಮುಳುಗಿದ ಓಣಿ ನೀರಿನಿಂದ ಎದ್ದು ಬಂತು: ಯಾರ ಮನೆಯ ಕಟ್ಟೆ ಎತ್ತರ, ಯಾರ ಬಾವಿಯ ನೀರು ಸಿಹಿ, ಯಾರು ಹೋದರು, ಯಾರಿದ್ದಾರೆ. ನಾನು ಗೋಡೆಯ ಮೇಲಿನ ದೊಡ್ಡ ಬಣ್ಣದ ಚಿತ್ರ ನೋಡುತ್ತ ಕೂತಿದ್ದೆ. ನಡುವೆ ಗುಂಡಗೆ ಇದೆ, ಸುತ್ತ ಕೆಂಪು ನರ ಇವೆ, ಕಣ್ಣಿನದೇ ಇರಬೇಕು ಎಂದುಕೊಂಡೆ. ವಿಜ್ಞಾನ ಕಲಿಸುವವಳು ನಾನು! ಕೊನೆಗೆ ಡಾಕ್ಟರು, "ಯಾರಿಗ್ರಿ ಕಾಕಾ ತ್ರಾಸು?" ಎಂದರು. ಮಾಮಾ ನನ್ನನ್ನು ತೋರಿಸಿದರು.

"ಎಷ್ಟು ವರ್ಷದಿಂದ ಅದ ರಿ ಅಕ್ಕಾರ?"

"ನಾಕನೇ ಇಯತ್ತೆಯಿಂದ ರಿ."

ಡಾಕ್ಟರಿಗೆ ನಿಜವಾಗಿಯೂ ಕನಿಕರವಾಯಿತು. "ಅಯ್ಯಯ್ಯ, ಅಷ್ಟು ಸಣ್ಣ ವಯಸ್ಸಿನ್ಯಾಗ! ಭಾಳ ತಡಕೊಂಡೀರಿ. ಇರ್ಲಿ, ಮೊದಲು ಊಟದಾಗ ಖಾರ ಕಡಿಮಿ ಮಾಡ್ರಿ."

ಇಲ್ಲಿ ಅತ್ತೆ ಬಾಯಿ ಹಾಕಿದರು. ನಮ್ಮ ಮನೆಯ ಖಾರಬ್ಯಾಳಿಯ ಬಗ್ಗೆ ಯಾರು ಏನಂದರೂ ಅವರು ಸುಮ್ಮನಿರುವುದಿಲ್ಲ. "ಅಲ್ರಿ ಡಾಕ್ಟರ, ಕಣ್ಣಿಗೂ ಖಾರಕ್ಕೂ ಏನು ಸಂಬಂಧ?"

"ಕಣ್ಣೇನ್ರಿ?" ಎಂದರು ಡಾಕ್ಟರು. ನಾನು ಇನ್ನೊಮ್ಮೆ ಗೋಡೆಯ ಚಿತ್ರ ನೋಡಿದೆ, ಹೊರಗೆ ನಿಂತಿದ್ದವರನ್ನು ನೆನೆದೆ, ಎದ್ದು ನಿಂತೆ. ಅದು ಮೂಲವ್ಯಾಧಿಯ ದವಾಖಾನೆ. ಮಾಮಾ ಡಾಕ್ಟರರ ಮುತ್ತಜ್ಜನ ತನಕ ವಿಚಾರಿಸಿದ್ದರು. ಅವರು ಏನಕ್ಕೆ ಔಷಧ ಕೊಡುತ್ತಾರೆಂದು ಮಾತ್ರ ಕೇಳಿರಲಿಲ್ಲ. ಕೆಳಗೆ ಇಳಿದು ಬಂದ ಮೇಲೆ ನಾನು ನಾಚಿಕೆಯಿಂದ ಸೆರಗು ಮುಖಕ್ಕೆ ಹಿಡಿದಿದ್ದರೆ ಮಾಮಾ ಕೊಂಚವೂ ಅಳುಕದೆ, "ಅದೇನs ಇರ್ಲಿ, ಮನೆತನ ಭಾರೀ ಛಲೋ ಅದ" ಎಂದರು. ಡಾಕ್ಟರರ ಫೋನ್ ನಂಬರನ್ನೂ ಬರೆದುಕೊಂಡಿದ್ದರು. ಯಾರಿಗೆಂದು ನಾನು ಕೇಳಲಿಲ್ಲ.

ಎರಡನೆಯದು ನಾನು ಮೊಬೈಲಿನಲ್ಲಿ ಹುಡುಕಿ ಇಟ್ಟಿದ್ದ ದವಾಖಾನೆ, ಕಣ್ಣಿನದೇ. ಬಾಗಿಲಿನಿಂದ ಹಿಡಿದು ಗೋಡೆಯ ತನಕ ಎಲ್ಲ ಗಾಜು. ಕೋಟು ಹಾಕಿಕೊಂಡ ಹುಡುಗಿಯೊಬ್ಬಳು ನಮ್ಮನ್ನು ಕೂರಿಸಿ, ಇದರಲ್ಲಿ ಸಿಲ್ವರ್ ಇದೆ, ಗೋಲ್ಡ್ ಇದೆ, ಪ್ಲಾಟಿನಮ್ ಇದೆ ಎಂದು ಬಣ್ಣದ ಕಾಗದ ತೋರಿಸತೊಡಗಿದಳು. ಅತ್ತೆ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ನಾವು ಕಣ್ಣು ಮಾಡಿಸ್ಲಿಕ್ಕೆ ಬಂದೇವಿ ತಂಗಿ, ಮೂಗುತಿ ಅಲ್ಲ" ಎಂದರು. ಡಾಕ್ಟರು ಒಳ್ಳೆಯ ಮನುಷ್ಯ. ಸಾವಧಾನವಾಗಿ ಮಾತಾಡಿಸಿದರು. ಎಲ್ಲ ಸರಿಯಾಗಿಯೇ ಹೋಗುತ್ತಿತ್ತು, ಆದರೆ ಅತ್ತೆಯ ದೃಷ್ಟಿ ಅವರ ಮೂಗಿನ ಮೇಲೆ ನೆಟ್ಟುಬಿಟ್ಟಿತು. ಅವರಿಗೂ ಕನ್ನಡಕ!

"ಅಲ್ರಿ, ಮಂದಿ ಚಾಳೀಸು ತಗಿಯೋ ನೀವು ನಿಮ್ಮದು ಯಾಕ ತಗದಿಲ್ಲ?"

ಅವರು ನಕ್ಕು, "ನನ್ನ ಕಣ್ಣಿಗೆ ಅದು ಹೊಂದೂದಿಲ್ರಿ ಅಮ್ಮಾ. ಎಲ್ಲಾರ ಕಣ್ಣಿಗೂ ಹೊಂದೂದಿಲ್ಲ. ಮೊದಲು ಇವರ ಕಣ್ಣು ಟೆಸ್ಟ್ ಮಾಡಿ ನೋಡೋಣ, ಆಮ್ಯಾಲ ಉಳಿದದ್ದು" ಎಂದರು. ಇಷ್ಟು ಖರೆಯ ಮಾತು ಆ ಇಡೀ ತಿಂಗಳಲ್ಲಿ ನಮಗೆ ಬೇರೆ ಯಾರೂ ಹೇಳಲಿಲ್ಲ. ನಾನಾದರೂ ಕಿವಿಗೆ ಹಾಕಿಕೊಳ್ಳಬೇಕಿತ್ತು. ಆದರೆ ಮಾಮಾ ಆಗಲೇ ಎದ್ದು ನಿಂತು ಕೋಟು ಕೊಡವಿಕೊಳ್ಳುತ್ತಿದ್ದರು: "ಮನಿಗೆ ಹೋಗಿ ವಿಚಾರ ಮಾಡಿ ತಿಳಸ್ತೇವ್ರಿ." ಹೊರಗೆ ಬಂದ ಮೇಲೆ ಅತ್ತೆ ತೀರ್ಪು ಕೊಟ್ಟರು: "ಅಡಿಗಿ ಮಾಡಿದಾಕಿನ ತಾ ಉಣ್ಣಂಗಿಲ್ಲ ಅಂದ್ರ ನಾವು ಉಣಬೇಕೇನ?" ಅಡಿಕೆ ಏನೂ ಅನ್ನಲಿಲ್ಲ.

ಹೀಗೆ ಮೂರು ವಾರದಲ್ಲಿ ಇನ್ನೂ ಎರಡು ದವಾಖಾನೆ ನೋಡಿ ಬಿಟ್ಟೆವು. ಒಂದರಲ್ಲಿ ಡಾಕ್ಟರು ತೀರ ಎಳೆಯವರು, ಇನ್ನೂ ಮೀಸೆ ಬಂದಿಲ್ಲ ಎಂದು ಮಾಮಾ ಬೇಡವೆಂದರು. ಇನ್ನೊಂದರಲ್ಲಿ ಮೆಷಿನ್ ಇಟ್ಟ ಕೋಣೆಯ ಬಾಗಿಲು ದಕ್ಷಿಣಕ್ಕಿತ್ತು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು, ದಿನಗಳು ಓಡುತ್ತಿದ್ದವು. ಆದರೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ: ಪ್ರತಿ ಸಲ ಮಾಮಾ 'ತಿಳಸ್ತೇವ್ರಿ' ಎಂದಾಗ ನನಗೂ ಒಂದು ಠೀವಿ ಬರುತ್ತಿತ್ತು. ಕನ್ಯೆಯಾಗಿದ್ದಾಗ ನಾನು ಮೂರು ಸಲ ಚಹಾದ ತಾಟು ಹಿಡಿದು ಹೊರಗೆ ಬಂದವಳು. ಮೂರೂ ಕಡೆಯವರು ನನ್ನ ಕನ್ನಡಕ ನೋಡಿ 'ತಿಳಸ್ತೇವಿ' ಎಂದು ಹೋಗಿ ತಿಳಿಸಿಯೇ ಇರಲಿಲ್ಲ. ಈಗ ಮೊದಲ ಸಲ ನಾನು ಗಂಡಿನ ಕಡೆಯವಳಾಗಿ ಕೂತಿದ್ದೆ. ದೊಡ್ಡ ದೊಡ್ಡ ಡಾಕ್ಟರುಗಳನ್ನು ಬೇಡ ಅನ್ನುವ ಸುಖ ಕಡಿಮೆಯದಲ್ಲ.

ಕೊನೆಗೆ ಒಬ್ಬರು ಲೇಡಿ ಡಾಕ್ಟರು ಸಿಕ್ಕರು. ಕನ್ನಡಕ ಇಲ್ಲ. ಉಟ್ಟದ್ದು ಇಳಕಲ್ ಸೀರೆ. ತಾಯಿಯ ತವರು ಹುನಗುಂದ. ಹಳೆಯ ಊರಿನ ಓಣಿಯಲ್ಲಿ ಅವರ ಮಾವನ ಮನೆ ಮಾಮಾನ ಮನೆಗೆ ಬೆನ್ನಿಗೆ ಬೆನ್ನು ಹಚ್ಚಿ ಇತ್ತೆಂದು ಗೊತ್ತಾದಾಗ ಮಾಮಾ ಕೂತಲ್ಲೇ ಪಂಚಾಂಗ ಬಿಚ್ಚಿದರು. "ನಮಗ ಪಸಂತ ಅದ ರಿ. ಬರೋ ಗುರುವಾರ ದಶಮಿ, ಅವತ್ತ ಮುಗಿಸಿಬಿಡ್ರಿ" ಎಂದರು. ಡಾಕ್ಟರು ನಗುತ್ತ, "ದಿನ ಆಮ್ಯಾಲ ನೋಡೋಣ್ರಿ ಕಾಕಾ, ಮೊದಲು ಇವರ ಕಣ್ಣು ನೋಡ್ತೇನಿ" ಎಂದು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಮೆಷಿನ್ ಮುಂದೆ ಗಲ್ಲ ಇಟ್ಟೆ, ಹಣೆ ಹಚ್ಚಿದೆ. ಕೆಂಪು ದೀಪ ನೋಡಿ ಎಂದರು, ನೋಡಿದೆ. ರೆಪ್ಪೆ ಬಡಿಯಬೇಡಿ ಎಂದರು, ಬಡಿಯಲಿಲ್ಲ. ಎಡಕ್ಕೆ, ಬಲಕ್ಕೆ, ಮೇಲಕ್ಕೆ. ಕಂಪ್ಯೂಟರಿನಲ್ಲಿ ನನ್ನ ಕಣ್ಣಿನ ಬಣ್ಣಬಣ್ಣದ ನಕಾಶೆ ಮೂಡಿತು. ಡಾಕ್ಟರು ಅದನ್ನು ಬಹಳ ಹೊತ್ತು ನೋಡಿದರು. ಎರಡನೆಯ ಸಲ ಹಣೆ ಹಚ್ಚಿಸಿದರು. ಆಮೇಲೆ ಹೊರಗೆ ಬಂದು ಮಾಮಾನ ಕಡೆ ತಿರುಗಿ ಮೆತ್ತಗೆ, "ರಿಪೋರ್ಟ್ ಸರಿಯಾಗಿ ನೋಡಿ, ನಾಳೆ ತಿಳಸ್ತೇವ್ರಿ" ಎಂದರು.

ಮಾಮಾನ ಮುಖ ಇಳಿಯಿತು. ಇಷ್ಟು ವರ್ಷದಿಂದ ಎಷ್ಟೋ ಮನೆಯಲ್ಲಿ ಆ ಮಾತು ಆಡಿದವರು ಅವರು. ಅದನ್ನು ತಮ್ಮ ಕಿವಿಯಿಂದ ಕೇಳಿದ್ದು ಅದೇ ಮೊದಲು. ಬಸ್ ಹತ್ತಿಸುವಾಗ, "ಸುಧಾ, ಆಶಾ ಇಟ್ಕೋಬ್ಯಾಡವಾ" ಎಂದಷ್ಟೇ ಅಂದರು. ಮರುದಿನ ಫೋನ್ ಬಂತು. ನನ್ನ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಆ ಪಾರದರ್ಶಕ ಪದರ, ಬಹಳ ತೆಳುವಂತೆ. ಲೇಸರಿನಿಂದ ಅದನ್ನು ಇನ್ನೂ ತೆಳು ಮಾಡುವುದು ಕ್ಷೇಮವಲ್ಲವಂತೆ. "ಕನ್ನಡಕನ ಹಾಕ್ಕೊಳ್ಳರಿ ಮೇಡಂ, ನಿಮಗ ಅದs ಛಲೋ" ಎಂದರು. ಹೋದ ವರ್ಷವಷ್ಟೇ ಹಲಗೆಯ ಮೇಲೆ ಆ ಪದರವನ್ನು ನೀಲಿ ಸೀಮೆಸುಣ್ಣದಲ್ಲಿ ತಿದ್ದಿ ಬರೆದು, "ಇದಕ್ಕೆ ಕಾರ್ನಿಯಾ ಎನ್ನುತ್ತಾರೆ, ಪರೀಕ್ಷೆಗೆ ಬರುತ್ತದೆ" ಎಂದು ಮಕ್ಕಳಿಗೆ ಹೇಳಿದ್ದೆ. ಪರೀಕ್ಷೆಗೆ ಬಂತು. ನಾನೇ ಫೇಲಾದೆ.

ನಾವು ಗಂಡಿನ ಕಡೆಯವರೆಂದು ದವಾಖಾನೆಯಿಂದ ದವಾಖಾನೆಗೆ ಅಲೆದೆವು; ಖರೆ ಅಂದರೆ ಮೊದಲ ದಿನದಿಂದ ಹೆಣ್ಣಿನ ಕಡೆಯವರೇ ಆಗಿದ್ದೆವು. ನೋಡಿ ಹೂಂ ಅನ್ನಬೇಕಾದದ್ದು ಆ ಮೆಷಿನ್. ಆ ಸಂಜೆ ಅಡಿಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವ ನೆಪದಲ್ಲಿ ನಾನು ಅತ್ತುಬಿಟ್ಟೆ. ಕನ್ನಡಕ ಹಾಕಿಕೊಂಡು ಅಳುವುದು ಎಷ್ಟು ಕಷ್ಟ ಎಂದು ಹಾಕಿಕೊಳ್ಳುವವರಿಗೇ ಗೊತ್ತು. ಅಳುವುದು, ಒರೆಸುವುದು, ಮತ್ತೆ ಅಳುವುದು. ಮೂವತ್ತೆಂಟರ ಹೆಂಗಸು ಒಂದು ಫೋಟೋಕ್ಕಾಗಿ ಅಳುತ್ತಾಳೆಯೇ ಎಂದು ನೀವು ಕೇಳಬಹುದು. ಅಳುತ್ತಾಳೆ. ಅತ್ತೆಯವರು ಬಂದು ನನ್ನ ಕೈಯಿಂದ ಈಳಿಗೆ ಮಣೆ ತೆಗೆದುಕೊಂಡು ತಾವು ಕೂತರು. "ಹೋಗ್ಲಿ ಬಿಡ. ನಿನ್ನ ಚಾಳೀಸಿನ ಮುಖಾನ ನಮಗ ರೂಢಿ ಆಗ್ಯದ. ಇಲ್ಲಂದ್ರ ಬ್ಯಾರೆ ಯಾರೋ ಮನ್ಯಾಗ ತಿರುಗ್ಯಾಡಿದಂಗ ಆಗ್ತಿತ್ತು" ಎಂದರು. ಹನ್ನೆರಡು ವರ್ಷದಲ್ಲಿ ಅವರು ನನ್ನ ರೂಪದ ಬಗ್ಗೆ ಆಡಿದ ಅತಿ ಒಳ್ಳೆಯ ಮಾತು ಅದು.

ಮೇ ಕೊನೆಗೆ ಬದಾಮಿಯಲ್ಲಿ ಮದುವೆ. ಬೆಳಿಗ್ಗೆಯಿಂದಲೇ ಬಿಸಿಲು ಕಾದು, ಕಾರ್ಯಾಲಯದ ಫ್ಯಾನುಗಳು ಬಿಸಿ ಗಾಳಿಯನ್ನೇ ತಿರುಗಿಸುತ್ತಿದ್ದವು. ಹಾರದ ಕತೆ ನಾಷ್ಟಾದ ಹೊತ್ತಿಗೇ ಎರಡು ಸಲ ಆಗಿತ್ತು. ವಿಡಿಯೋದವನು, "ಅಕ್ಕಾರ, ಚಾಳೀಸು" ಎಂದ. "ನಾ ತಗಿಯಂಗಿಲ್ಲ, ನಿನ್ನ ಲೈಟ್ ಆ ಕಡೆ ತಿರುಗಿಸು" ಎಂದೆ. ಮುಹೂರ್ತ ಬಂತು. ಅಂತರಪಟದ ಒಂದು ತುದಿ ಹಿಡಿಯಲು ಸೋದರಮಾವನ ಹಕ್ಕಿನಿಂದ ಗುಂಡೂ ಮಾಮಾ ಅದೇ ಜರಿ ರುಮಾಲು ಸುತ್ತಿಕೊಂಡು ಬಂದು ನಿಂತರು. ನನ್ನನ್ನು ಕಂಡು, ಒಂದು ಕೈ ತಮ್ಮ ಕೊರಳ ಮೇಲೆ ಇಟ್ಟುಕೊಂಡು ಕಾಪಾಡಿಕೊಳ್ಳುವವರಂತೆ ಮಾಡಿದರು. ಎಲ್ಲರೂ ನಕ್ಕರು. ನಾನು ಪಲ್ಲವಿಯ ಪಕ್ಕಕ್ಕೆ ಅಕ್ಷತೆ ಹಿಡಿದು ನಿಂತೆ. ಮಂಗಲಾಷ್ಟಕ ಸುರುವಾಯಿತು. ಸುಮ್ಮನೆ ಅವಳ ಮುಖ ನೋಡಿದೆ. ಕನ್ನಡಕ ಇಲ್ಲ! ಹುಬ್ಬು ಗಂಟಿಕ್ಕಿ, ಕಣ್ಣು ಕಿರಿದು ಮಾಡಿ, ಕೈಯಲ್ಲಿ ಹಾರ ಹಿಡಿದು, ಬಟ್ಟೆಯ ಆಚೆ ಏನಿದೆಯೋ ಎಂದು ದಿಕ್ಕು ಹುಡುಕುತ್ತಿದ್ದಳು. ಆ ಕಣ್ಣು ಕಿರಿದು ಮಾಡುವುದು ಏನೆಂದು ಅಷ್ಟು ಜನರಲ್ಲಿ ನನಗೊಬ್ಬಳಿಗೇ ಗೊತ್ತು.

"ಚಾಳೀಸು ಎಲ್ಲೇ?" ಎಂದು ಕಿವಿಯಲ್ಲಿ ಕೇಳಿದೆ.

"ಫೋಟೋಕ್ಕ ಬ್ಯಾಡಂತ ಮೌಶಿ ಪರ್ಸಿನ್ಯಾಗ ಇಟ್ಕೊಂಡ್ಲು ಅಕ್ಕಾರ. ಆಕಿ ಊಟದ ಕಡೆ ನೋಡ್ಲಿಕ್ಕೆ ಹೋಗ್ಯಾಳ. ನನಗ ಏನೂ ಕಾಣವಲ್ತು" ಎಂದಳು.

ಆಚಾರ್ಯರು ಕೊನೆಯ ಅಷ್ಟಕಕ್ಕೆ ಬಂದಿದ್ದರು. ಅವಳ ಆ ಚಿಕ್ಕಮ್ಮನನ್ನು ಹುಡುಕುವಷ್ಟು ಹೊತ್ತಿರಲಿಲ್ಲ. ನಾನು ನನ್ನ ಕನ್ನಡಕ ತೆಗೆದೆ, ಸೆರಗಿನಿಂದ ಒಮ್ಮೆ ಒರೆಸಿದೆ, ಬಾಸಿಂಗದ ದಾರ ಸರಿಸಿ ಅವಳ ಮೂಗಿನ ಮೇಲೆ ಇಟ್ಟುಬಿಟ್ಟೆ. ಅವಳದು ಆರು, ನನ್ನದು ಆರೂವರೆ. ಅರ್ಧ ನಂಬರು ಹೆಚ್ಚಾದರೆ ಗಂಡ ಕಾಣದೆ ಹೋಗುವುದಿಲ್ಲ. "ಅಕ್ಕಾರ, ನಿಮಗ?" ಎಂದಳು. "ನನ್ನ ಲಗ್ನ ಆಗಿ ಹನ್ನೆರಡು ವರ್ಷ ಆತು. ನೀ ನೋಡಿ ಹಾಕು" ಎಂದೆ. "ಸಾವಧಾನ" ಎಂದರು ಆಚಾರ್ಯರು, ಬಟ್ಟೆ ಸರಿಯಿತು, ವಾಜಂತ್ರಿ ಮೊಳಗಿತು. ಹಾರ ವಿನಾಯಕನ ಕೊರಳಿಗೇ ಬಿತ್ತಂತೆ, ಅವಳು ಅವನ ಮುಖ ನೆಟ್ಟಗೆ ನೋಡಿ ನಕ್ಕಳಂತೆ. 'ಅಂತೆ' ಎನ್ನುತ್ತೇನೆ, ಏಕೆಂದರೆ ನನ್ನ ಮುಂದೆ ಮತ್ತೆ ಅದೇ ಹಳದಿ, ಬಿಳಿ, ಜರಿಯ ಮಂಜು. ಆ ಮಂಜಿನಲ್ಲಿ ಅಂದಾಜಿನ ಮೇಲೆ, ಎರಡೂ ಕೈತುಂಬ, ಮನಸಾರೆ ಅಕ್ಷತೆ ಹಾಕಿದೆ. ಇವತ್ತಿಗೂ ಹೇಳುತ್ತೇನೆ, ನನ್ನ ಜೀವನದಲ್ಲಿ ಅಷ್ಟು ಸಂತೋಷ ಆದ ಗಳಿಗೆ ಬಹಳ ಇಲ್ಲ.

ಹೋದ ವಾರ ಆಲ್ಬಮ್ ಬಂತು. ಆ ಗಳಿಗೆಯ ಫೋಟೋ ದೊಡ್ಡದಾಗಿ, ಎರಡು ಪುಟದ ತುಂಬ ಇದೆ. ನಾನು ಬೇಡಿಕೊಂಡಂತೆಯೇ ಆಗಿದೆ: ಮುಖದ ಮೇಲೆ ಕನ್ನಡಕ ಇಲ್ಲ, ಎರಡೂ ಕಣ್ಣು ಅಗಲವಾಗಿ ತೆರೆದಿವೆ, ತುಟಿಯಲ್ಲಿ ನಗು ಇದೆ. ವಧೂವರರು ನನ್ನ ಎಡಕ್ಕೆ ನಿಂತಿದ್ದಾರೆ. ನಾನು ಬಲಕ್ಕೆ ತಿರುಗಿ, ಅಂತರಪಟ ಮಡಚುತ್ತ ಬಾಗಿರುವ ಗುಂಡೂ ಮಾಮಾನ ರುಮಾಲಿನ ಮೇಲೆ ಎರಡೂ ಕೈಯಿಂದ ಅಕ್ಷತೆ ಸುರಿಯುತ್ತಿದ್ದೇನೆ. ಆಲ್ಬಮ್ ನೋಡಲೆಂದೇ ಬಾಗಲಕೋಟೆಯಿಂದ ಬಂದಿದ್ದ ಮಾಮಾ ಆ ಪುಟವನ್ನು ಬಹಳ ಹೊತ್ತು ನೋಡಿ ಗಂಭೀರವಾಗಿ ನಮ್ಮನೆಯವರ ಕಡೆ ತಿರುಗಿದರು. "ಅಲ್ಲಪಾ, ಹಾರ ಅವತ್ತ ಹಾಕಿದ್ಲು. ಅಕ್ಷತಿ ಈ ಸಲ ಹಾಕಿದ್ಲು. ಶಾಸ್ತ್ರದ ಪ್ರಕಾರ ಇನ್ನ ಏನು ಬಾಕಿ ಉಳೀತು?" ಎಂದರು. ನಮ್ಮನೆಯವರು, "ಮನಿಗೆ ಹೋಗಿ ವಿಚಾರ ಮಾಡಿ ತಿಳಸ್ರಿ ಮಾಮಾ" ಎಂದರು. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಇನ್ನು ಮುಂದೆ ಪಂಕ್ತಿಯಲ್ಲಿ ಒಂದಲ್ಲ, ಎರಡು ಕತೆ. ಆಗಲಿ ಬಿಡಿ. ಎಲ್ಲರೂ ಊಟಕ್ಕೆ ಎದ್ದ ಮೇಲೆ ನಾನೊಬ್ಬಳೇ ಆಲ್ಬಮ್ ಹತ್ತಿರ ಎಳೆದುಕೊಂಡು ಆ ಪುಟ ಮತ್ತೆ ತೆರೆದೆ. ಏನೇ ಅನ್ನಿ, ಕನ್ನಡಕ ಇಲ್ಲದೆ ನಾನು ಚೆನ್ನಾಗಿಯೇ ಕಾಣುತ್ತೇನೆ. ಅದನ್ನು ನೋಡುವುದಕ್ಕೆ ಮಾತ್ರ ಕನ್ನಡಕ ಬೇಕು.